ಇಳಿಸಿದ ಶ್ರುತಿ

ಮಂಗಳವಾರ, ಹದಿನಾಲ್ಕನೆಯ ತಾರೀಕು
ವಾದ್ಯದಂಗಡಿಯ ಹಿಂದಿನ ಕೋಣೆಯಿಂದ

ನಿಮಗೆ ನಮಸ್ಕಾರ.

ನಿಮ್ಮ ಕಾಗದ ಶನಿವಾರ ಬಂತು. ಎರಡು ವರ್ಷದ ಮೇಲೆ ನಿಮ್ಮ ಅಕ್ಷರ ನೋಡಿದೆ, ಇನ್ನೂ ಕೋಳಿ ಕೆದಕಿದ ಹಾಗೆಯೇ ಇದೆ. ಇಲ್ಲಿ ತಂತಿ ಕಟ್ಟುವ ಕೆಲಸ ನನಗೆ ಒಗ್ಗಿದೆ. ಕಿಟಕಿಗೆ ತಾಗಿ ಒಂದು ಮೇಜು, ಮೇಲೊಂದು ದೀಪ, ಗೋಡೆಗೆ ಒರಗಿಸಿದ ಆರೇಳು ಬಿರುಕು ಬಿಟ್ಟ ವಾದ್ಯಗಳು. ಅಂಗಡಿಯ ಯಜಮಾನರು ಅಳೆದು ತೂಗಿ ಮಾತಾಡುವವರು. ನಿಮ್ಮ ಜೊತೆ ಸಂಸಾರ ಮಾಡಿದ ಮೇಲೆ ಅದೊಂದು ವಿಶ್ರಾಂತಿ.

ವಿಷಯಕ್ಕೆ ಬರುತ್ತೇನೆ. ನಾನು ಮನೆ ಬಿಟ್ಟಾಗಿನಿಂದ ಗಂಟಲು ಕೈಕೊಟ್ಟಿದೆ, ಮೇಲಿನ ಸ್ವರ ಮುಟ್ಟಿದರೆ ಒಡೆಯುತ್ತದೆ, ಎರಡು ಕಚೇರಿ ಅರ್ಧಕ್ಕೇ ನಿಂತವು, ವೈದ್ಯರು ನೋಡಿ ಏನೂ ದೋಷವಿಲ್ಲ ಅಂದರು ಎಂದು ಬರೆದಿದ್ದೀರಿ. ಮುಂದಿನ ತಿಂಗಳ ಕಚೇರಿಯಲ್ಲಿ, ಇನ್ನು ಹಾಡುವುದಿಲ್ಲ ಎಂದು ವೇದಿಕೆಯ ಮೇಲೆಯೇ ಹೇಳಿಬಿಡುತ್ತೀರಂತೆ. ಅದೊಂದು ದಿನವಾದರೂ ಬಂದು ಹಿಂದೆ ಕೂತು ತಂಬೂರಿ ಮೀಟು ಎಂದಿದ್ದೀರಿ. ನೀನಿದ್ದಾಗ ಹೀಗಾಗುತ್ತಿರಲಿಲ್ಲ ಎಂಬ ಸಾಲನ್ನು ಎರಡು ಸಲ ಓದಿದೆ. ನಿಜ, ಆಗುತ್ತಿರಲಿಲ್ಲ. ಯಾಕೆಂದು ಹೇಳುತ್ತೇನೆ, ಕೂತುಕೊಂಡು ಓದಿ.

ನಾನು ಮನೆ ಬಿಡುವ ಹೊತ್ತಿಗೆ, ನೀವು ಎರಡು ಮನೆ ಶ್ರುತಿಯಲ್ಲಿ, ಹರೆಯದಲ್ಲಿ ಹಿಡಿದ ಆ ಎತ್ತರದಲ್ಲಿ, ಹಾಡುವುದು ನಿಂತು ಹನ್ನೆರಡು ವರ್ಷವಾಗಿತ್ತು. ನಿಮಗೆ ಗೊತ್ತಿರಲಿಲ್ಲ, ಅಷ್ಟೆ.

ನಿಮ್ಮ ಐವತ್ತನೆಯ ವರ್ಷದ ಆ ಜ್ವರ ನೆನಪಿದೆಯೇ? ಮೈ ಕೆಂಡವಾಗಿತ್ತು, ಕಚೇರಿ ಬಿಡಲು ನೀವು ಒಪ್ಪಲಿಲ್ಲ. ನಾನು ಎಂದಿನಂತೆ ಒಂದು ಗಂಟೆ ಮೊದಲೇ ಹೋಗಿ ತಂಬೂರಿ ಶ್ರುತಿ ಮಾಡಿದೆ. ತಂತಿ ಬಿಗಿಯುವ ಬಿರಡೆಯನ್ನು ಒಂದು ಕೂದಲೆಳೆಯಷ್ಟು ಸಡಿಲಿಸಿದೆ. ಅದೊಂದು ದಿನಕ್ಕೆ ಮಾತ್ರ ಅಂದುಕೊಂಡಿದ್ದೆ. ಪಿಟೀಲಿನವರು ಕಮಾನು ಎತ್ತಿ ನನ್ನ ಮುಖ ನೋಡಿದರು. ನಾನು ನೆಲ ನೋಡುತ್ತ ಮೀಟಿದೆ. ಅವರು ತಮ್ಮ ತಂತಿ ಇಳಿಸಿಕೊಂಡರು. ನೀವು ಸೊಗಸಾಗಿ ಹಾಡಿದಿರಿ. ಮನೆಗೆ ಬರುವಾಗ, "ನೋಡ್ದೆಯಾ, ಜ್ವರದಲ್ಲೂ ಶ್ರುತಿ ಇಳಿಸ್ಲಿಲ್ಲ ನಾನು" ಅಂದಿರಿ. ಏರಿಸುವ ಧೈರ್ಯ ನನಗೆ ಆಮೇಲೆ ಬರಲೇ ಇಲ್ಲ.

ಅಲ್ಲಿಂದ ವರ್ಷಕ್ಕೋ ಎರಡು ವರ್ಷಕ್ಕೋ ಇನ್ನಿಷ್ಟು. ಮನೆಯ ಸಾಧನೆಗೂ ತಂಬೂರಿ ನನ್ನ ಕೈಯಲ್ಲೇ ಇತ್ತು. ಶ್ರುತಿಪೆಟ್ಟಿಗೆಯನ್ನು ನೀವು ಹೊಸಿಲು ದಾಟಲು ಬಿಟ್ಟವರಲ್ಲ, ನನ್ನ ಗಂಟಲೇ ಪೆಟ್ಟಿಗೆ ಎನ್ನುತ್ತಿದ್ದಿರಿ. ಒಮ್ಮೆ ಮೃದಂಗದವರು ನನ್ನನ್ನು ಪಕ್ಕಕ್ಕೆ ಕರೆದು, "ಅಕ್ಕಾ, ಇನ್ನೂ ಇಳಿಸೋದಾದ್ರೆ ಮೊದ್ಲೇ ಹೇಳ್ಬಿಡಿ, ಬೇರೆ ಮೃದಂಗ ತರ್ತೀನಿ. ಅಣ್ಣನ ಕಿವಿಗೆ ಮಾತ್ರ ಬೀಳೋದು ಬೇಡ" ಅಂದರು. ಕೊನೆಗೆ ಎರಡು ಮನೆ ಶ್ರುತಿ ಇಳಿದು ಒಂದು ಮನೆಯಾಯಿತು. ನಿಮ್ಮ ಕಂಠಕ್ಕೆ ಹೊಸ ಆಳ ಬಂದಿದೆ ಎಂದು ಪತ್ರಿಕೆಯಲ್ಲಿ ಬರೆದರಲ್ಲ, ಅದನ್ನು ನೀವು ಕತ್ತರಿಸಿ ಇಟ್ಟುಕೊಂಡಿರಿ. ನಾನು ಅಡುಗೆಮನೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಸಂತೋಷವೂ ಆಗಿತ್ತು ಅನ್ನಿ. ಆಳ ಬಂದದ್ದು ಸುಳ್ಳಲ್ಲ. ಕೆಳಗಿಳಿದ ಮೇಲೆ ನೀವು ಅವಸರ ಬಿಟ್ಟಿರಿ, ಸ್ವರದ ಮೇಲೆ ನಿಲ್ಲುವುದನ್ನು ಕಲಿತಿರಿ. ಅದನ್ನು ನಾನು ಕಲಿಸಲಿಲ್ಲ, ಹಾಡಿದ್ದು ನೀವೇ.

ಮನೆ ಬಿಟ್ಟದ್ದು ನಿಮ್ಮ ಜೀವನಚರಿತ್ರೆಗಾಗಿ ಅಲ್ಲ ಎಂದು ಆಗ ಹೇಳಿದ್ದೆ. ಅದಕ್ಕಾಗಿಯೇ. ಇನ್ನೂರ ಹದಿನಾಲ್ಕು ಪುಟಗಳಲ್ಲಿ ನಾನಿರುವುದು ಒಂದು ಚಿತ್ರದ ಎಡ ತುದಿಯಲ್ಲಿ, ಮೊಣಕೈವರೆಗೆ. ಕೆಳಗೆ 'ತಂಬೂರಿ' ಎಂದು ಅಚ್ಚಾಗಿದೆ. ಅದನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ಪುಸ್ತಕ ತಂದುಕೊಟ್ಟ ದಿನ ಅದನ್ನು ಬರೆದವರು ತಂಬೂರಿಯ ಬಗ್ಗೆ ಕೇಳಿದಾಗ ನೀವು, "ಅದಕ್ಕೇನ್ರೀ, ನಾಲ್ಕು ತಂತಿ, ಒಂದು ಕೈ. ಯಾರು ಕೂತರೂ ನಡೆಯುತ್ತೆ" ಅಂದಿರಿ. ಒಳಗೆ ಬಟ್ಟೆ ಮಡಚುತ್ತಿದ್ದ ನನಗೆ ಕೇಳಿಸಿತು. ಸಿಟ್ಟು ಬಂತು. ಸರಿ, ಯಾರಾದರೂ ಕೂರಲಿ ಎಂದು ಹೊರಟುಬಂದೆ. ಆ ರಾತ್ರಿಯೇ ನಿಮಗೆ ಇದೆಲ್ಲ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ನಿಮ್ಮ ಗಂಟಲು ಒಡೆಯುತ್ತದೆಂದು ಗೊತ್ತಿದ್ದೂ ಹೇಳಲಿಲ್ಲ. ತಪ್ಪು ನನ್ನದು, ಎರಡು ವರ್ಷದ ತಪ್ಪು.

ಈಗ ಹಿಂದೆ ಕೂರುವ ಶಿಷ್ಯೆಯನ್ನು ಬಯ್ಯಬೇಡಿ. ಎರಡು ಮನೆ ಎಂದು ನೀವು ಹೇಳಿದಿರಿ, ಅವಳು ಶ್ರುತಿ ತೋರಿಸುವ ಯಂತ್ರ ಇಟ್ಟುಕೊಂಡು ಸರಿಯಾಗಿ ಎರಡಕ್ಕೇ ಕೂರಿಸಿದಳು. ಒಂದಕ್ಕೆ ಕೂರಿಸಲು ಹೇಳಿ. ಬೇರೆ ಔಷಧ ಬೇಕಾಗಿಲ್ಲ. ಇಪ್ಪತ್ತೈದರಲ್ಲಿ ಹಿಡಿದ ಶ್ರುತಿ ಕೂದಲೆಳೆಯಷ್ಟೂ ಇಳಿದಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ಬಂದವರು ನೀವು, ಈಗ ನಿಮ್ಮ ಬಾಯಿಂದಲೇ 'ಒಂದು' ಅನ್ನಬೇಕು. ಕಷ್ಟವೆಂದು ಗೊತ್ತು. ಆದರೆ ಆ ಮಾತಿಗೋಸ್ಕರ ಹಾಡನ್ನೇ ಬಿಡುತ್ತೀರಾದರೆ ನಾನು ಹೇಳುವುದು ಏನೂ ಉಳಿದಿಲ್ಲ.

ಹಿಂದೆ ಕೂರಲು ನಾನು ಬರುವುದಿಲ್ಲ. ಬಂದರೆ ಮತ್ತೆ ನಿಮಗೆ ತಿಳಿಯದ ಹಾಗೆ ಇಳಿಸುತ್ತೇನೆ.

ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡಿ.

ಇಂತಿ,
ಚಿತ್ರದ ಎಡ ತುದಿಯ ಕೈ

ಮರೆತ ಮಾತು: ಮೂವತ್ತೊಂದು ವರ್ಷ ನಾನು ನೋಡಿದ್ದು ನಿಮ್ಮ ಕತ್ತು, ಒಂದು ಕಿವಿ, ಆಗಾಗ ಮೇಲೇಳುವ ಕೈ. ಹಾಡುವಾಗ ನಿಮ್ಮ ಮುಖ ಹೇಗಿರುತ್ತದೆ ಎಂದು ನನಗೆ ಗೊತ್ತಿಲ್ಲ. ಟಿಕೆಟ್ ತೆಗೆದುಕೊಂಡಿದ್ದೇನೆ, ಮೂರನೆಯ ಸಾಲು. ನೀವು ಬಾಯಿ ತೆರೆಯುವ ಮೊದಲೇ, ತಂಬೂರಿಯ ಮೊದಲ ಮೀಟಿಗೇ ನನಗೆ ತಿಳಿಯುತ್ತದೆ. ಎರಡಾದರೆ ಎದ್ದು ಹೋಗುತ್ತೇನೆ. ಒಂದಾದರೆ ಕೊನೆಯವರೆಗೂ ಕೂತಿರುತ್ತೇನೆ.