ಕಲಿತ ತಪ್ಪಿಗೆ ಆಕೆಯನ್ನು ಹಿಡಿದಿಡಬೇಡಿ

ಮಾನ್ಯ ಕುಲಸಚಿವರೇ,

ನಿಮ್ಮ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರ್ ಕೇಂದ್ರದಿಂದ ಹೊರಬೀಳಲು ನಾನೊಂದು ದಾರಿ ಹುಡುಕಿದೆ. ನೀವು ಅದೇ ದಾರಿಯಲ್ಲಿ ಇನ್ನೊಬ್ಬರನ್ನು ಒಳಗೆ ಹಾಕಿ ಬಾಗಿಲು ಮುಚ್ಚಿದಿರಿ. ಎಲ್ಲರೂ ಓದಲೆಂದೇ ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಹನ್ನೊಂದು ವರ್ಷಗಳಿಂದ ನಾನು ಆ ಯಂತ್ರದ ನಿರ್ವಾಹಕ. ಬಿರುಗಾಳಿಯ ಲೆಕ್ಕ ಹಾಕುವವರು, ಹೊಸ ಔಷಧ ಹುಡುಕುವವರು, ಹೀಗೆ ಎಲ್ಲ ಸಂಶೋಧಕರ ಕೆಲಸವನ್ನೂ ಸರದಿಯಲ್ಲಿಟ್ಟು ಓಡಿಸುವುದು, ಯಂತ್ರ ಕೆಟ್ಟರೆ ಸರಿಪಡಿಸುವುದು ನನ್ನ ಪಾಲು. ಹೆಂಡತಿ ಏಳು ಗಂಟೆ ರೈಲು ದೂರದ ಊರಿನಲ್ಲಿ ನರ್ಸ್. ಅಲ್ಲಿರುವ ನಿಮ್ಮದೇ ಶಾಖೆಗೆ ವರ್ಗ ಕೇಳಿ ನಾಲ್ಕು ಅರ್ಜಿ ಕೊಟ್ಟೆ. ಬದಲಿ ವ್ಯಕ್ತಿ ಇಲ್ಲದೆ ಬಿಡಲಾಗದು ಎಂದಿರಿ. ಬದಲಿಯವರನ್ನು ನೇಮಿಸಿ ಎಂದರೆ, ನೀವು ಕೂತಿರುವಾಗ ಹುದ್ದೆ ಖಾಲಿಯೆಂದು ಹೇಗೆ ತೋರಿಸುವುದು ಎಂದಿರಿ. ಎಂಥ ಅಚ್ಚುಕಟ್ಟು! ಆರು ವರ್ಷದ ಮಗಳು ಫೋನಿನಲ್ಲಿ ಕೇಳುತ್ತಾಳೆ: "ಅಪ್ಪಾ, ಆ ಮೆಷೀನ್‌ಗೆ ಬೇರೆ ಯಾರೂ ಇಲ್ವಾ?" ತಮ್ಮಲ್ಲಿ ಉತ್ತರವಿದ್ದರೆ ದಯವಿಟ್ಟು ಮೊಹರು ಹಾಕಿ ಕಳಿಸಿ.

ಈ ಕೆಲಸ ಬೇರೆಯವರೂ ಕಲಿಯಬಹುದೆಂದು ತೋರಿಸಲು ಕೊನೆಗೆ ನಾನೇ ಒಬ್ಬರಿಗೆ ಕಲಿಸಿದೆ. ಬಿರುಗಾಳಿಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದ ವಿದ್ಯಾರ್ಥಿನಿ, ಬಲು ಚುರುಕು. ಹೆಂಡತಿಗೆ ಆಪರೇಷನ್ ಆದಾಗ ಒಂಬತ್ತು ದಿನ ರಜೆ ಹಾಕಿದೆ. ಆಕೆಯೊಬ್ಬಳೇ ನೋಡಿಕೊಂಡಳು, ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. ಹಿಗ್ಗಿನಿಂದ ವರದಿ ಹಿಡಿದು ನಿಮ್ಮ ಕಚೇರಿಗೆ ಬಂದೆ. ಸೂಪರಿಂಟೆಂಡೆಂಟರು ಓದಿ, "ಒಳ್ಳೇದಾಯ್ತು ಬಿಡಿ. ಒಬ್ರನ್ನೇ ನಂಬ್ಕೊಂಡು ಕೂರೋದು ತಪ್ಪಿತು. ಇನ್ಮೇಲೆ ಇಬ್ರೂ ಇರ್ಲಿ" ಎಂದರು.

ಮುಂದಿನ ವಾರವೇ ಆಕೆಯ ನಿರಾಕ್ಷೇಪಣಾ ಪತ್ರವನ್ನು ತಡೆಹಿಡಿದಿರಿ. ಕಾರಣ, "ಕೇಂದ್ರಕ್ಕೆ ಅಗತ್ಯ." ಆಕೆ ಪ್ರಬಂಧ ಒಪ್ಪಿಸಿಯಾಗಿದೆ. ಹವಾಮಾನ ಕಚೇರಿಯೊಂದರಲ್ಲಿ ಕೆಲಸ ಸಿಕ್ಕಿದೆ. ಒಂದನೇ ತಾರೀಖಿನೊಳಗೆ ಆ ಪತ್ರದೊಂದಿಗೆ ಹಾಜರಾಗದಿದ್ದರೆ ಕೆಲಸ ಬೇರೆಯವರ ಪಾಲು. ನಿಮ್ಮ ಆದೇಶವನ್ನು ನನ್ನ ಮೇಜಿನ ಮೇಲಿಟ್ಟು ಆಕೆ ಕೇಳಿದ್ದು ಇಷ್ಟೇ: "ಸರ್, ನನಗೇ ಯಾಕೆ ಕಲಿಸಿದ್ರಿ?" ಕೋಪದಿಂದ ಕೇಳಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ.

ಸ್ವಾಮಿ, ಸಂಶೋಧಕರಿಗಾಗಿ ಕಟ್ಟಿದ ಕೇಂದ್ರ ಸಂಶೋಧಕಿಯನ್ನೇ ಒತ್ತೆಯಿಟ್ಟುಕೊಳ್ಳಬಹುದೆಂದು ಯಾವ ನಿಯಮದಲ್ಲಿದೆ? ಒಬ್ಬರಿಗೆ ಒಂದು ಕೆಲಸ ಗೊತ್ತಿದೆ ಎನ್ನುವುದೇ ಅವರನ್ನು ಕಟ್ಟಿಹಾಕಲು ಸಾಕೇ?

ನನ್ನ ವರ್ಗಾವಣೆಯ ಅರ್ಜಿಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ನಿನ್ನೆ ಹೆಂಡತಿಗೆ ಹೇಳಿದೆ. ಅವಳು, "ಮೊದ್ಲು ಆ ಹುಡುಗೀನ ಬಿಡಿಸಿ" ಎಂದಳು. ಶುಕ್ರವಾರದೊಳಗೆ ಆಕೆಯ ಪತ್ರಕ್ಕೆ ಸಹಿ ಮಾಡಿ. ನಾನು ಎಲ್ಲಿಗೂ ಹೋಗುವುದಿಲ್ಲ.

ಇಂತಿ,
ಇನ್ನು ಯಾರಿಗೂ ಏನನ್ನೂ ಕಲಿಸಲು ಹೆದರುವ
ಯಂತ್ರ ನಿರ್ವಾಹಕ