ಭಾವನ ಬಕೆಟ್ಟು

ಮಾರ್ಚ್ ೯, ಭಾನುವಾರ

ಎಷ್ಟು ಸೋಪು ಹಾಕಿ ತಿಕ್ಕಿದರೂ ಕೈಯ ವಾಸನೆ ಹೋಗಿಲ್ಲ. ಭಾವನ ಮೇಲಿನ ಸಿಟ್ಟೂ ಹೋಗಿಲ್ಲ.

ತನ್ನ ಹೋಟೆಲಿನ ಎದುರಿನ ಕಡಲ ದಡಕ್ಕೆ ಡಾಲ್ಫಿನ್ ಬಂದು ಬಿದ್ದಿದೆ ಅಂತ ಬೆಳಿಗ್ಗೆ ಫೋನ್ ಮಾಡಿದ್ದು ಅವನೇ. ಒದ್ದೆ ಬಟ್ಟೆ ಹೊದಿಸಿ, ನೆತ್ತಿಯ ಮೇಲಿನ ತೂತಿಗೆ ಮಾತ್ರ ನೀರು ಬೀಳಬಾರದು, ಅದರ ಮೂಗು ಅದು ಅಂತ ಬಿಡಿಸಿ ಹೇಳಿದ್ದೆ. ಕಿವಿಗೆ ಹಾಕಿಕೊಂಡರೆ ತಾನೇ. ನಾನು ಹೋಗಿ ನೋಡಿದರೆ ಮಹಾರಾಯ ಬಕೆಟ್ ಎತ್ತಿ ಸರಿಯಾಗಿ ಆ ತೂತಿಗೇ ಸುರಿಯುತ್ತಿದ್ದಾನೆ. ಸುತ್ತ ಜನ, ಎಲ್ಲರ ಕೈಯಲ್ಲೂ ಮೊಬೈಲು.

"ಭಾವ, ನಿಲ್ಸಿ. ಅದಕ್ಕೆ ಉಸಿರು ಕಟ್ಟತ್ತೆ," ಅಂದೆ.

"ನೀರಲ್ಲೇ ಇರೋ ಪ್ರಾಣಿಗೆ ನೀರು ಆಗಲ್ವಾ? ನೋಡು, ಹೇಗೆ ನಗ್ತಾ ಇದೆ," ಅಂದ. ಜನ ಚಪ್ಪಾಳೆ ತಟ್ಟಿದರು.

ನಾನು ಬಕೆಟ್ ಕಿತ್ತುಕೊಳ್ಳುವಷ್ಟರಲ್ಲಿ ಅದು ಕೆಮ್ಮಿದ ಹಾಗೆ ಮಾಡಿ ಸುಮ್ಮನಾಯಿತು. ಊರಿನ ಪಶುವೈದ್ಯೆ ನಾನೇ ಆದ್ದರಿಂದ, ಮಧ್ಯಾಹ್ನ ಮರಣೋತ್ತರ ಪರೀಕ್ಷೆಗೆ ಅದನ್ನು ನಾನೇ ಕೊಯ್ದೆ. ಶ್ವಾಸಕೋಶದ ತುಂಬ ನೀರು, ಮರಳು. ಡಾಲ್ಫಿನ್ನಿನ ಬಾಯಿ ಇರುವುದೇ ಹಾಗೆ. ಮೇಜಿನ ಮೇಲೆ ಹೆಣವಾಗಿ ಬಿದ್ದಾಗಲೂ ನಗುತ್ತಿತ್ತು.

ಸಂಜೆ ಅಕ್ಕನ ಫೋನು. "ನಿಮ್ಮ ಭಾವ ಊಟಾನೂ ಮಾಡಿಲ್ಲ ಕಣೇ. ಅದು ಅಷ್ಟು ಹೊತ್ತು ಬದುಕಿದ್ದೇ ನಿಮ್ಮಿಂದ ಅಂತ ಅವರಿಗೆ ಒಂದು ಮಾತು ಹೇಳ್ಬಿಡು."

ನಾಳೆ ಅವರ ಮನೆಯಲ್ಲಿ ಊಟ. ಅಕ್ಕನ ಮುಖ ನೋಡಿ ಹೋಗಲೇಬೇಕು. ಆ ಮಾತು ಮಾತ್ರ ನನ್ನ ಬಾಯಿಂದ ಬರುವುದಿಲ್ಲ. ಅವನ ಎದುರು ಕೂತು, ಮೇಜಿನ ಮೇಲಿದ್ದ ಆ ಪ್ರಾಣಿಯ ಹಾಗೆ ಬಾಯಿ ಇಟ್ಟುಕೊಂಡಿರುತ್ತೇನೆ. ಅದನ್ನೂ ಅವನು ನಗು ಅಂದುಕೊಳ್ಳಲಿ.