ಗೋಡೆ ಒಣಗಲು ಏಳು ದಿನ

ಶನಿವಾರ, ರಾತ್ರಿ ಹನ್ನೊಂದೂವರೆ

ಪ್ರೀತಿಯ ಅಮ್ಮಾ,

ನಿನ್ನ ಪ್ರಶ್ನೆ ಬಂದು ಇವತ್ತಿಗೆ ಒಂಬತ್ತು ದಿನ. ಕೆಲಸ ಜಾಸ್ತಿ, ಆಮೇಲೆ ಹೇಳ್ತೀನಿ ಅಂತ ಮೂರು ಸಲ ಜಾರಿಕೊಂಡೆ. ಇವತ್ತು ಜಾರಲ್ಲ. ನನ್ನ ಜೊತೆ ರೂಮಿನಲ್ಲಿರೋ ಇಬ್ಬರೂ ಮಲಗಿದ್ದಾರೆ. ನಾನು ಅಡುಗೆಮನೆ ಬಾಗಿಲು ಹಾಕ್ಕೊಂಡು, ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು ಫೋನಿಗೆ ಪಿಸುಗುಟ್ಟುತ್ತಾ ಇದೀನಿ. ನಾನು ಹೇಳೋದು, ಅದು ಅಕ್ಷರ ಮಾಡೋದು. ನಿನಗೆ ಕಿವಿ ಮಂದ, ನನಗೆ ಸುಣ್ಣ ತಿಂದು ಬೆರಳು ಒಡೆದಿವೆ. ತಾಯಿ ಮಗನಿಗೆ ಇದೇ ಸರಿ.

ನೀನು ಕೇಳಿದ್ದು ಹೀಗೆ: "ಗೋಡೆಗೆ ಹಿಡಿದ ಬೂಷ್ಟಿನಿಂದ ನಿನಗೆ ಏನು ಸಮಾಧಾನ ಸಿಕ್ಕಿತು ಮಗನೇ? ಬಿಡಿಸಿ ಬರಿ."

ಅದನ್ನ ಓದಿದಾಗ ನಾನು ಏಣಿ ಮೇಲಿದ್ದೆ. ಏನು ಬೂಷ್ಟು, ಯಾವ ಗೋಡೆ, ಇವಳಿಗೆ ಹೇಗೆ ಗೊತ್ತಾಯ್ತು ಅಂತ ಹೆದರಿ ಏಣಿ ಇಳಿದುಬಿಟ್ಟೆ. ಯಾಕೆ ಅಂತ ಆಮೇಲೆ ಹೇಳ್ತೀನಿ. ಮೊದಲು ಇನ್ನೊಂದು ಒಪ್ಪಿಕೋಬೇಕು.

ದಿನಕ್ಕೆ ಬೈಬಲಿನ ಒಂದು ಅಧ್ಯಾಯ, ನೀನು ಅಲ್ಲಿ, ನಾನು ಇಲ್ಲಿ, ಓದಿದ ಮೇಲೆ ಒಬ್ಬರಿಗೊಬ್ಬರು ಒಂದು ಸಾಲು. ಇದು ನಮ್ಮ ಒಪ್ಪಂದ ಅಲ್ವಾ. ಆದಿಕಾಂಡ ಪೂರ್ತಿ ಓದಿದೆ, ದೇವರಾಣೆ. ವಿಮೋಚನಕಾಂಡದಲ್ಲಿ ಸಮುದ್ರ ದಾಟೋವರೆಗೂ ಜೋರಾಗಿತ್ತು. ಗುಡಾರದ ಅಳತೆ ಶುರುವಾಯ್ತು ನೋಡು, ಇಷ್ಟು ಮೊಳ ಉದ್ದ, ಅಷ್ಟು ಮೊಳ ಅಗಲ, ಅಲ್ಲಿ ಪುಸ್ತಕ ಮುಚ್ಚಿದೆ. ಆಮೇಲಿನ ಒಂದು ತಿಂಗಳು ನಾನು ಓದೇ ಇಲ್ಲ. ಮೂರು ಸಾಲು ಮಾಡಿಟ್ಟುಕೊಂಡಿದ್ದೆ. "ಮನಸ್ಸಿಗೆ ತುಂಬಾ ಸಮಾಧಾನ ಆಯ್ತು", "ದೇವರು ದೊಡ್ಡವನು", "ಈ ಅಧ್ಯಾಯ ನನಗೋಸ್ಕರವೇ ಬರೆದ ಹಾಗಿತ್ತು". ಸರದಿ ಮೇಲೆ ಕಳಿಸ್ತಿದ್ದೆ. ಯಾಜಕಕಾಂಡದ ಹದಿನಾಲ್ಕನೇ ಅಧ್ಯಾಯದ ದಿನ ಸಮಾಧಾನದ ಸರದಿ ಬಂದಿತ್ತು, ಅಷ್ಟೆ.

ಬೈತೀಯ, ಬೈಯಿ. ಆದರೆ ಮುಂದಿನದನ್ನ ಓದಿ ಬೈಯಿ, ಎರಡೂ ಸೇರಿಸಿ ಒಂದೇ ಸಲ ಮುಗಿಯುತ್ತೆ.

ನಾನೀಗ ಪೇಂಟ್ ಮಾಡ್ತಿರೋದು ಒಬ್ಬ ಟೀಚರಮ್ಮನ ಮನೆಗೆ. ರಿಟೈರ್ ಆಗಿದ್ದಾರೆ, ಆದರೆ ಇವತ್ತಿಗೂ ನಮ್ಮನ್ನ ಸಾಲಾಗಿ ನಿಲ್ಲಿಸಿಯೇ ಮಾತಾಡೋದು. ಅವರ ಯಜಮಾನರು ಪೋಸ್ಟ್‌ಮ್ಯಾನ್ ಆಗಿದ್ದೋರು. ನಾನು ತಾತ ಅಂತೀನಿ. ನಲವತ್ತು ವರ್ಷ ಊರೆಲ್ಲ ನಡೆದ ಮನುಷ್ಯನಿಗೆ ಈಗ ಮಂಚದಿಂದ ಕಿಟಕಿಗೆ ಹೋಗೋಕೆ ಎರಡು ಸಲ ನಿಂತು ಉಸಿರು ತಗೋಬೇಕು. ಎದೆ ಕೆಟ್ಟಿದೆ. ಆಸ್ಪತ್ರೆಯಲ್ಲಿದ್ದರು, ಸೋಮವಾರ ಮನೆಗೆ ಬರೋರಿದ್ದರು. ಅವರು ಮಲಗೋ ಕೋಣೆಯ ಒಂದು ಗೋಡೆಗೆ ಹಸಿರು ಹಸಿರಾಗಿ ಬೂಷ್ಟು ಹಿಡಿದಿತ್ತು. ಅಂಥ ಗೋಡೆ ಪಕ್ಕ ಮಲಗಿದರೆ ಇರೋ ಉಸಿರೂ ಹೋಗುತ್ತೆ ಅಂತ ಡಾಕ್ಟರ್ ಹೇಳಿದ್ದರು.

ನಮ್ಮ ಮೇಸ್ತ್ರಿ ನನಗೆ ಆ ಕೋಣೆ ಒಪ್ಪಿಸಿ ಬೇರೆ ಕಡೆ ಹೋದರು. ಗಾರೆ ಕೆರೆದು, ಗೋಡೆನ ಹಾಗೇ ಬಿಡಬೇಕು, ಒಣಗೋವರೆಗೂ ಬ್ರಷ್ ಮುಟ್ಟಬಾರದು ಅಂದರು. ಒಣಗಿದೆಯಾ ಇಲ್ವಾ ಅಂತ ನೋಡೋಕೆ ಅವರದೊಂದು ಉಪಾಯ ಇದೆ. ಅಂಗೈ ಎರಡರಷ್ಟು ಪ್ಲಾಸ್ಟಿಕ್ ಹಾಳೆ ತಗೊಂಡು, ನಾಲ್ಕೂ ಕಡೆ ಟೇಪ್ ಹಚ್ಚಿ ಗೋಡೆಗೆ ಅಂಟಿಸೋದು. ಒಂದು ದಿನ ಬಿಟ್ಟು ನೋಡಿದರೆ ಒಳಗಡೆ ಬೆವರಿರಬಾರದು. ಬೆವರಿದ್ದರೆ ಗೋಡೆ ಇನ್ನೂ ನೀರು ಕುಡಿದಿದೆ ಅಂತ ಅರ್ಥ.

ನನಗೆ ಅಷ್ಟು ಪುರುಸೊತ್ತಿರಲಿಲ್ಲ. ಬೇರೆ ಊರಿನ ಗೋದಾಮಿನಲ್ಲಿ ಕೆಲಸ ಕೇಳಿದ್ದೆ, ಸೋಮವಾರವೇ ಬಾ ಅಂದಿದ್ದರು. ಹೌದು ಅಮ್ಮಾ, ಮತ್ತೆ ಬಿಡೋಕೆ ಹೊರಟಿದ್ದೆ. ಎರಡು ವರ್ಷದಲ್ಲಿ ಇದು ಐದನೇದು. ಮೇಸ್ತ್ರಿ ನನಗೆ ಸುಮ್ಮನೆ ಗಾಳಿಪಟ ಅಂತ ಹೆಸರಿಟ್ಟಿಲ್ಲ. ಮೇಲುಮೇಲೆ ಕೆರೆದೆ. ಬುಧವಾರ ಬೆಳಿಗ್ಗೆ ನೋಡಿದರೆ ಪ್ಲಾಸ್ಟಿಕ್ ತುಂಬಾ ಬೆವರು. ಟೇಪ್ ಬಿಚ್ಚಿ, ಅಂಗಿ ತೋಳಲ್ಲಿ ಒರೆಸಿ, ಮತ್ತೆ ಅಂಟಿಸಿ, ಮೇಸ್ತ್ರಿಗೆ ಫೋಟೋ ಕಳಿಸಿದೆ. "ಒಣಗಿದ್ಯೇನೋ?" ಅಂತ ಕೇಳಿದರು. "ಖಟಖಟಾ ಅಂತಿದೆ" ಅಂದೆ. ಮಧ್ಯಾಹ್ನ ಒಂದು ಕೋಟ್ ಹೊಡೆದೆ. ಬಸ್ಸಲ್ಲಿ ಕೂತು ನಿನಗೆ ಸಮಾಧಾನದ ಸಾಲು ಕಳಿಸಿದೆ.

ಗುರುವಾರ ಎರಡನೇ ಕೋಟ್ ಹೊಡೀತಾ ಇದ್ದಾಗಲೇ ನಿನ್ನ ಪ್ರಶ್ನೆ ಬಂದಿದ್ದು.

ಊಟದ ಹೊತ್ತಿಗೆ ಪೇಂಟ್ ಡ್ರಮ್ ಮೇಲೆ ಕೂತು ಆ ಅಧ್ಯಾಯ ತೆಗೆದೆ. ಮೊದಲರ್ಧ ಹಕ್ಕಿ, ಕೆಂಪು ದಾರ, ಕುರಿಮರಿ, ನನಗೆ ತಲೆಬುಡ ತಿಳೀಲಿಲ್ಲ, ಸುಳ್ಳು ಹೇಳಲ್ಲ. ಆಮೇಲೆ ಮನೆ ವಿಷಯ ಬಂತು. ಗೋಡೆ ಮೇಲೆ ಹಸಿರೋ ಕೆಂಪೋ ಮಚ್ಚೆ ಕಂಡರೆ ಮನೆಯವನೇ ಯಾಜಕನ ಹತ್ತಿರ ಹೋಗಿ, ನನ್ನ ಮನೆಯಲ್ಲಿ ಏನೋ ಇದ್ದ ಹಾಗಿದೆ ಅಂತ ಹೇಳಬೇಕಂತೆ. ಯಾಜಕ ಬಂದು ನೋಡಿ ಮನೆ ಮುಚ್ಚಿಸಿ, ಏಳು ದಿನ ಬಿಟ್ಟು ಮತ್ತೆ ಬರ್ತಾನಂತೆ. ಹರಡಿದ್ದರೆ ಕಲ್ಲು ಕೀಳಬೇಕು, ಗೋಡೆ ಕೆರೆಯಬೇಕು, ಹೊಸ ಗಾರೆ ಮೆತ್ತಬೇಕು. ನಮ್ಮ ಮೇಸ್ತ್ರಿ ಹೇಳಿದ್ದೇ ಅಮ್ಮಾ, ಒಂದಕ್ಷರ ಆಚೀಚೆ ಇಲ್ಲ. ನನ್ನ ಬೆನ್ನ ಹಿಂದೆ ಆ ಗೋಡೆ ಬೆಳ್ಳಗೆ ಹಲ್ಲು ಕಿರೀತಾ ಇತ್ತು. ಊಟದ ಡಬ್ಬಿ ಮುಚ್ಚಿಟ್ಟೆ.

ಹೆದರಿಕೆ ಅಷ್ಟೇ ಆಗಿದ್ದರೆ ನಾನು ಅವತ್ತೇ ಬಸ್ ಹತ್ತಿ ಓಡಿಹೋಗ್ತಿದ್ದೆ, ನನ್ನ ಬುದ್ಧಿ ನಿನಗೆ ಗೊತ್ತು. ತಡೆದಿದ್ದು ಒಂದು ಚಿಕ್ಕ ಮಾತು. ಯಾಜಕ ಒಳಗೆ ಕಾಲಿಡೋಕೆ ಮುಂಚೆ ಮನೆ ಸಾಮಾನೆಲ್ಲ ಹೊರಗೆ ತೆಗೆಸಬೇಕಂತೆ. ಯಾಕೆ ಅಂದರೆ, ಅವನು ನೋಡಿ ಕೆಟ್ಟಿದೆ ಅಂತ ಹೇಳಿಬಿಟ್ಟರೆ ಒಳಗಿರೋದೆಲ್ಲ ಹಾಳು ಅಂತ ಲೆಕ್ಕ. ಅದಕ್ಕೇ ಮೊದಲು ಮಂಚ, ಹಾಸಿಗೆ, ಮಡಕೆ ಎಲ್ಲ ಹೊರಗೆ. ಇದನ್ನ ಎರಡು ಸಲ ಓದಿದೆ. ತಪ್ಪು ಹಿಡಿಯೋಕೆ ಬರೋನು ಬಡವರ ಮಡಕೆ ಉಳಿಸೋ ಯೋಚನೆ ಮಾಡ್ತಾನಾ? ದೇವರು ಅಂದರೆ ಟಾರ್ಚ್ ಹಿಡಿದು ಮೂಲೆಮೂಲೆ ಹುಡುಕೋ ಇನ್ಸ್‌ಪೆಕ್ಟರ್ ಅಂದ್ಕೊಂಡಿದ್ದೆ ನಾನು. ಇವನು ಹಾಗಲ್ಲ, ಇವನ ಹತ್ತಿರ ಹೇಳಬಹುದು ಅನ್ನಿಸ್ತು. ಇಷ್ಟೇ ನನಗೆ ಸಿಕ್ಕ ಸಮಾಧಾನ. ನೀನು ಕೇಳಿದ್ದಕ್ಕೆ ಉತ್ತರ ಇದು.

ಸಂಜೆ ಮೇಸ್ತ್ರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ನನಗೆ ಸುಳ್ಳು ಹೇಳಿದ್ದು ಹಾಳಾಗಲಿ, ಆ ಮುದುಕನ ಎದೆಗೆ ಸುಳ್ಳು ಹೇಳೋಕಾಗುತ್ತೇನೋ ಗಾಳಿಪಟ?" ಅಂದರು. ಶುಕ್ರವಾರ ಬೆಳಿಗ್ಗೆ ನನ್ನನ್ನ ಟೀಚರಮ್ಮನ ಮುಂದೆ ನಿಲ್ಲಿಸಿ, ನೀನೇ ಹೇಳು ಅಂದರು.

ಟೀಚರಮ್ಮ ಕನ್ನಡಕ ತೆಗೆದು ಒರೆಸಿಕೊಂಡು ಪೂರ್ತಿ ಕೇಳಿದರು. "ಬೆವರು ಒರೆಸಿದ್ದು ಯಾವುದ್ರಲ್ಲಿ?" ಅಂದರು. ಅಂಗಿ ತೋಳಲ್ಲಿ ಅಂದೆ. "ಆ ಅಂಗಿ ಒಗೆದ್ಯಾ?" ಅಂದರು. ಇಲ್ಲ, ಮೈಮೇಲೆ ಇರೋದು ಅದೇ ಅಂದೆ. ಮೇಸ್ತ್ರಿ ಆಚೆ ತಿರುಗಿ ಕೆಮ್ಮಿದರು, ನಗು ತಡೆಯೋಕೆ. ಟೀಚರಮ್ಮ ನಗಲಿಲ್ಲ. ಗೋಡೆ ಒಣಗೋವರೆಗೂ ದಿನಾ ಸಂಜೆ ಬಂದು ನೋಡಬೇಕು, ಹೇಗಿದೆ ಅಂತ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಡಬೇಕು ಅಂದರು. "ಒರೆಸಿ ಬರಿಬೇಡ, ನೋಡಿ ಬರಿ" ಅಂತ ಸೇರಿಸಿದರು.

ನಾನೂ ಮೇಸ್ತ್ರಿಯೂ ಸೇರಿ ಕಲ್ಲು ಕಾಣೋವರೆಗೂ ಕೆರೆದೆವು. ಒಳಗೆ ಹಳೇ ನೀರಿನ ಪೈಪು ಸೂಜಿಮೊನೆಯಷ್ಟು ಸೋರ್ತಾ ಇತ್ತು. ನನ್ನ ಎರಡು ಕೋಟಿನ ಹಿಂದೆ ಅದು ವರ್ಷಗಟ್ಟಲೆ ಸೋರ್ತಾನೇ ಇರ್ತಿತ್ತು. ಶನಿವಾರ ಪ್ಲಂಬರ್ ಬಂದು ಸರಿ ಮಾಡಿದ, ಅವತ್ತೇ ಹೊಸ ಗಾರೆ ಮೆತ್ತಿದೆವು. ನಾನು ಊಟದ ಪುಸ್ತಕ ತೆಗೆದು ಮೇಸ್ತ್ರಿಗೆ ಆ ಅಧ್ಯಾಯ ಓದಿ ಹೇಳಿದೆ. ಊಟದ ಪುಸ್ತಕ ಅಂದರೆ ನೀನು ಕೊಟ್ಟ ಚಿಕ್ಕ ಸತ್ಯವೇದ. ಡಬ್ಬಿ ಜೊತೆ ಚೀಲದಲ್ಲಿರುತ್ತೆ ಅಂತ ಇವರೆಲ್ಲ ಹಾಗೆ ಕರೀತಾರೆ. ಪೂರ್ತಿ ಕೇಳಿ, "ಇದನ್ನ ಬರೆದೋನು ಗೋಡೆ ಕೆರೆದೋನೇ ಕಣೋ, ಓದಿದೋರಿಗೆ ಇಷ್ಟು ಗೊತ್ತಿರಲ್ಲ" ಅಂದರು. ಗೋದಾಮಿನವರಿಗೆ ಫೋನ್ ಮಾಡಿ ಒಂದು ವಾರ ತಡ ಆಗುತ್ತೆ ಅಂದೆ. ಮುಂದಿನ ಸೋಮವಾರ ಬರದಿದ್ದರೆ ಬರಲೇಬೇಡ ಅಂದರು.

ಆಮೇಲಿನ ಏಳು ದಿನ ಹೇಗೆ ಹೇಳಲಿ. ಕೆಲಸ ಇದ್ದರೆ ನಾನು ಎಷ್ಟಾದರೂ ಮಾಡ್ತೀನಿ ಅಮ್ಮಾ, ಸುಮ್ಮನೆ ಇರೋದು ನನ್ನ ಕೈಲಾಗಲ್ಲ. ಒಂದು ಸಂಜೆ ದೊಡ್ಡ ಫ್ಯಾನ್ ತಂದು ಗೋಡೆಗೆ ಹಿಡಿಯೋಕೆ ಹೋದೆ. ಹೊರಗಡೆ ಒಣಗಿ ಒಳಗಡೆ ಹಾಗೇ ಉಳಿಯುತ್ತೆ, ಕಿಟಕಿ ತೆಗೆದು ನಿನ್ನ ಪಾಡಿಗೆ ನೀನಿರು ಅಂತ ಮೇಸ್ತ್ರಿ ಗದರಿದರು. ಆಗ ಒಂದು ಮಾತು ತಲೆಗೆ ಹೋಯ್ತು. ಕೆರೆಯೋದು ನನ್ನ ಕೆಲಸ. ಕಿಟಕಿ ತೆಗೆಯೋದು ನನ್ನ ಕೆಲಸ. ಒಣಗಿಸೋದು ನನ್ನದಲ್ಲ. ನೀನು ಯಾವಾಗಲೂ ದೇವರ ಮೇಲೆ ಭಾರ ಹಾಕು ಅಂತಿದ್ದೆಯಲ್ಲ, ಅದು ಕೆಲಸಗಳ್ಳರ ಮಾತು ಅಂದ್ಕೊಳ್ತಿದ್ದೆ. ಈಗ ನೋಡಿದರೆ ಗೋಡೆ ಕೆರೆದು ತೋಳು ಬಿದ್ದುಹೋದ ಮೇಲೆ ಉಳಿಯೋದೇ ಅದು.

ತಾತ ಸೋಮವಾರವೇ ಬಂದರು. ಕೋಣೆ ಆಗಿಲ್ಲ ಅಂತ ಹಜಾರದಲ್ಲೇ ಸೋಫಾ ಎಳೆದು ಮಲಗಿಸಿದರು. ನಾನು ತಲೆ ತಗ್ಗಿಸಿ ನಿಂತಿದ್ದೆ. "ತಡ ಆದ್ರೆ ಏನಾಗಲ್ಲ ಬಿಡೋ. ನಾನು ಹಂಚಿದ ಕಾಗದ ಎಷ್ಟೋ ತಡವಾಗಿ ಹೋಗಿವೆ, ಆದ್ರೆ ತಪ್ಪು ಮನೆಗೆ ಹೋಗಿಲ್ಲ" ಅಂದರು, ಇಷ್ಟು ಹೇಳೋಕೆ ಮೂರು ಸಲ ಉಸಿರು ತಗೊಂಡು. ಚೀಲದಲ್ಲಿ ಏನದು ಪುಸ್ತಕ ಅಂತ ಕೇಳಿದರು. ಹೇಳಿದೆ. "ಓದು. ನನಗೆ ಉಸಿರಿಲ್ಲ, ಕಿವಿ ಇದೆ" ಅಂದರು.

ಅವತ್ತು ಹತ್ತೊಂಬತ್ತನೇ ಅಧ್ಯಾಯ. ನೀನೂ ಅದನ್ನೇ ಓದಿರ್ತೀಯ. ಹೊಲ ಕೊಯ್ಯುವಾಗ ಅಂಚಿನವರೆಗೂ ಕೊಯ್ಯಬೇಡಿ, ಬಡವನಿಗೂ ಪರದೇಶಿಗೂ ಬಿಡಿ ಅಂತ ಬರುತ್ತಲ್ಲ. ತಾತ ಕಣ್ಣು ಮುಚ್ಚಿಕೊಂಡೇ ಕೇಳ್ತಿದ್ದರು. ಓದಿ ಮುಗಿಸಿದ ಮೇಲೆ, ತಾವು ತಿಂತಿದ್ದ ಬ್ರೆಡ್ಡಿನ ಒಂದು ಮೂಲೆ ಮುರಿದು ನನ್ನ ಕಡೆ ಚಾಚಿದರು. "ಪರದೇಶಿ ಅಂದ್ರೆ ನೀನೇ ತಾನೆ" ಅಂದರು. ಟೀಚರಮ್ಮ ಒಳಗಿನಿಂದ, "ಇವರಿಗೆ ಮೂಲೆ ಗಟ್ಟಿ, ಅಗಿಯೋಕಾಗಲ್ಲ, ಅದಕ್ಕೇ ಅಷ್ಟು ದಾನಧರ್ಮ" ಅಂದರು. ಅವತ್ತಿನಿಂದ ದಿನಾ ಒಂದು ಅಧ್ಯಾಯ, ಒಂದು ಮೂಲೆ.

ಇವತ್ತು ಏಳನೇ ದಿನ. ನಿನ್ನೆ ಅಂಟಿಸಿದ್ದ ಪ್ಲಾಸ್ಟಿಕ್ ನೋಡೋಕೆ ಮೇಸ್ತ್ರಿ ಬಂದರು. ಹತ್ತಿರ ಬಗ್ಗಿ, ದೂರ ನಿಂತು, ಬೆರಳಲ್ಲಿ ತಟ್ಟಿ ನೋಡಿ, "ಆಯ್ತು ಬಿಡು, ನಾಳೆ ಪ್ರೈಮರ್ ಹೊಡಿ, ಸೋಮವಾರ ನಿನ್ನ ದಾರಿ ನಿನಗೆ" ಅಂದರು. ಅವರಿಗೆ ಕನ್ನಡಕ ಹಾಕೋಕೆ ನಾಚಿಕೆ. ಕೆಳಗಡೆ ಎಡಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಎರಡು ಹನಿ ಇದ್ದವು. ನನಗೊಬ್ಬನಿಗೇ ಕಂಡಿದ್ದು. ಅಂಗಿ ತೋಳು ಅಲ್ಲೇ ಇತ್ತು ಅಮ್ಮಾ. ಒಗೆದಿದ್ದೆ ಕೂಡ.

"ಮೇಸ್ತ್ರಿ, ಇಲ್ಲಿ ಬೆವರಿದೆ" ಅಂದೆ.

ಅವರು ಬಗ್ಗಿ, ಮೂಗು ತಾಗಿಸಿ ನೋಡಿದರು. ಗೋಡೆಗಿಂತ ಜಾಸ್ತಿ ಹೊತ್ತು ನನ್ನ ಮುಖ ನೋಡಿದರು. "ಹಾಗಾದ್ರೆ ಇನ್ನೂ ಏಳು ದಿನ" ಅಂದರು. ಸರಿ ಅಂದೆ. ಟೀಚರಮ್ಮನ ಹಾಳೆಯಲ್ಲಿ "ಎಡಮೂಲೆಯಲ್ಲಿ ಎರಡು ಹನಿ" ಅಂತ ಬರೆದು ಸಹಿ ಹಾಕಿದೆ. ಅಂಗಳಕ್ಕೆ ಬಂದು ಗೋದಾಮಿನವರಿಗೆ ನಾನು ಬರಲ್ಲ ಅಂತ ಹೇಳಿದೆ. ಎದೆ ಡವಗುಟ್ಟುತ್ತೆ ಅಂದ್ಕೊಂಡಿದ್ದೆ. ಇಲ್ಲ. ಹಸಿವಾಯ್ತು. ಒಳಗೆ ಹೋದರೆ ತಾತ ಮೂಲೆ ಮುರಿದು ಇಟ್ಟುಕೊಂಡು ಕಾಯ್ತಾ ಇದ್ದರು.

ನಿದ್ದೆ ಬರ್ತಾ ಇದೆ. ಈ ಹೊತ್ತಿಗೆ ನನಗೆ ನಿದ್ದೆ ಬಂದು ಎಷ್ಟು ತಿಂಗಳಾಯ್ತೋ. ಮಾತ್ರೆ ಬಿಡಬೇಡ, ಅಕ್ಕನ ಜೊತೆ ಜಗಳ ಆಡಬೇಡ. ನಾಳೆಯಿಂದ ನನ್ನ ಸಾಲು ತಡವಾಗಿ ಬರಬಹುದು, ಓದಿಯೇ ಬರೆದಿರ್ತೀನಿ.

ಇನ್ನೂ ಏಳು ದಿನ ಇಲ್ಲೇ ಇರುವ
ನಿನ್ನ ಮಗ, ಗಾಳಿಪಟ

ತಾ.ಕ.: ಹದಿನೈದನೇ ಅಧ್ಯಾಯವನ್ನೂ ಓದಿದೆ. ಮೈಯಿನ ರೋಗರುಜಿನ, ಮೈಲಿಗೆ ಎಲ್ಲ ಅದರಲ್ಲೇ. ಅದರ ಬಗ್ಗೆ ತಾಯಿ ಮಗ ಒಂದು ಸಾಲೂ ಬರೆಯೋದು ಬೇಡ.

ಇನ್ನೊಂದು. ನನ್ನ ರೂಮಿನ ಫೋಟೋ ನೋಡಿ, ಕ್ಯಾಲೆಂಡರ್ ಯಾಕೋ ಅಷ್ಟು ಕೆಳಗೆ, ಮೊಣಕಾಲ ಹತ್ತಿರ ನೇತುಹಾಕಿದೀಯ ಅಂತ ನೀನು ಕೇಳಿದ್ದೆ. ಮಲಗಿದಲ್ಲಿಂದಲೇ ತಾರೀಖು ಕಾಣಲಿ ಅಂತ ಅಂದಿದ್ದೆ. ಅದರ ಹಿಂದೆ ತಟ್ಟೆಯಗಲ ಹಸಿರು ಬೂಷ್ಟಿದೆ ಅಮ್ಮಾ, ನನ್ನ ತಲೆದಿಂಬಿನ ಪಕ್ಕದಲ್ಲೇ. ಫೋನಲ್ಲಿ ನಿನ್ನ ಮಂದ ಕಿವಿಗೂ ಕೇಳಿಸಿದ ಕೆಮ್ಮು ಪೇಂಟಿನ ಧೂಳಿನದಲ್ಲ. ಇವತ್ತು ಸಂಜೆ ಬಂದವನೇ ಕ್ಯಾಲೆಂಡರ್ ತೆಗೆದೆ, ಮನೆ ಮಾಲೀಕರನ್ನ ಕರೆದು ತೋರಿಸಿದೆ. ನನ್ನ ಹಾಸಿಗೆ, ಬಟ್ಟೆಬರೆ ಎಲ್ಲ ಹೊರಗೆ ತೆಗೆದು ಅಡುಗೆಮನೆಗೆ ತಂದಿದೀನಿ. ಇಲ್ಲೇ ಮಲಗ್ತೀನಿ ಈಗ.